ಮೋನೆಯ ಹೊಳೆ ದಂಡೆ ಚಿತ್ರ: ಪ್ರಿಂಟ್ ಹೇಗೆ ಮಾಡಿಸಲಿ?

ಉಡುಪಿಯಿಂದ, ಕೇಳಿದವರು: ಅಮ್ಮನ ರೂಮಿಗೆ ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆ 1868ರಲ್ಲಿ ಬರೆದ ಸೇನ್ ನದಿ ದಂಡೆಯ ಚಿತ್ರ ಹಾಕಬೇಕು ಅಂತಿದ್ದೇನೆ. ಬೆನ್‌ಕೂರ್ ಊರಿನದು. ಮರದ ಕೆಳಗೆ ಹೆಂಗಸೊಬ್ಬಳು ಹೊಳೆ ನೋಡುತ್ತಾ ಕೂತಿದ್ದಾಳಲ್ಲ, ಅದೇ. ಆನ್‌ಲೈನ್‌ನಲ್ಲಿ ಒಂದೊಂದು ಅಂಗಡಿಯಲ್ಲಿ ಒಂದೊಂದು ಬಣ್ಣ ಕಾಣುತ್ತದೆ. ಯಾವುದನ್ನು ನಂಬಲಿ? ಕ್ಯಾನ್ವಾಸಾ, ಪೇಪರಾ?

ಮೈಸೂರಿನಿಂದ: ರೆಡಿ ಪ್ರಿಂಟ್ ಬೇಡವೇ ಬೇಡ. ಮೂಲ ಚಿತ್ರ ಇರುವುದು ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅವರ ಸೈಟಿನಿಂದಲೇ ಪುಕ್ಕಟೆ ಇಳಿಸಿಕೊಳ್ಳಬಹುದು. ಮೋನೆ ತೀರಿಕೊಂಡದ್ದು 1926ರಲ್ಲಿ, ಕಾಪಿರೈಟ್ ತಲೆನೋವೂ ಇಲ್ಲ. ನಾನು ಹಾಗೇ ಮಾಡಿಸಿದ್ದು. ಅಳತೆ ಮಾತ್ರ ನೋಡಿಕೊಳ್ಳಿ. ಮೂಲ ಚಿತ್ರ ಸುಮಾರು 81 × 101 ಸೆಂ.ಮೀ., ಹಾಗಾಗಿ 16 × 20 ಇಂಚಿಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಲ್ಯಾಬಿನವರು ಸುಮ್ನೆ 12 × 18 ಅಂದುಬಿಡುತ್ತಾರೆ. ಒಪ್ಪಿದರೆ ಮೇಲಿನ ಎಲೆಯೋ ಕೆಳಗಿನ ಹುಲ್ಲೋ ಎರಡು ಇಂಚಿಗೂ ಜಾಸ್ತಿ ಹೋಗುತ್ತದೆ. ಫೈಲಿನ ಉದ್ದ 3000 ಪಿಕ್ಸೆಲ್ ಇದ್ದರೆ 20 ಇಂಚಿಗೆ 150 ಡಿಪಿಐ, ಅಂದರೆ ಇಂಚಿಗೆ 150 ಚುಕ್ಕಿ ಆಯಿತು. ಗೋಡೆಗೆ ಅಷ್ಟು ಸಾಕು.

ಸ್ಟುಡಿಯೊ ಇಟ್ಟುಕೊಂಡವರು: ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. 'ಆಟೋ ಕರೆಕ್ಷನ್ ಹಾಕಬೇಡಿ' ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ನಮ್ಮ ಹುಡುಗರು ಕಾಂಟ್ರಾಸ್ಟ್ ಏರಿಸಿ ಆ ತಿಳಿನೀಲಿಯನ್ನು ಸ್ವಿಮ್ಮಿಂಗ್ ಪೂಲ್ ಮಾಡಿಬಿಡುತ್ತಾರೆ. ಮೊದಲು ಎ4 ಅಳತೆಯಲ್ಲಿ ಒಂದು ಸ್ಯಾಂಪಲ್ ತೆಗೆಸಿ, ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ಹಿಡಿದು ನೋಡಿ. ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ. ಪೇಪರ್ ಮ್ಯಾಟ್, ಅಂದರೆ ಹೊಳಪಿಲ್ಲದ್ದು; ಇಂಕ್ ಪಿಗ್ಮೆಂಟ್, ಅಂದರೆ ಬಣ್ಣದ ಪುಡಿಯ ಶಾಯಿ. ಗ್ಲಾಸಿ ಹಾಕಿಸಿದರೆ ಹೊಳೆಯ ಬದಲು ನಿಮ್ಮ ಕಿಟಕಿಯೇ ಕಾಣುತ್ತದೆ.

ಹುಬ್ಬಳ್ಳಿಯಿಂದ: ಕ್ಯಾನ್ವಾಸ್ ಅಷ್ಟೇನೂ ಕೆಟ್ಟದ್ದಲ್ಲ ರೀ. ಗಾಜು ಬೇಕಿಲ್ಲ, ಹಗುರ. ನಮ್ಮ ಹಾಲಿನಲ್ಲಿ ಚೆನ್ನಾಗೇ ಇದೆ.

ಮಂಗಳೂರಿನಿಂದ: ಹುಬ್ಬಳ್ಳಿಯ ಹವೆಗೆ ಅದು ಸರಿ, ಕರಾವಳಿಗೆ ಅಲ್ಲ. ಇಲ್ಲಿ ಮಳೆಗಾಲದಲ್ಲಿ ಕ್ಯಾನ್ವಾಸ್ ಸಡಿಲವಾಗಿ ಜೋಲುತ್ತದೆ, ಬೂಷ್ಟೂ ಹಿಡಿಯುತ್ತದೆ. ಪೇಪರ್ ಪ್ರಿಂಟೇ ಮಾಡಿಸಿ. ಗಾಜಿಗೂ ಪ್ರಿಂಟಿಗೂ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು) ಇರಲೇಬೇಕು. ಇಲ್ಲದಿದ್ದರೆ ತೇವಕ್ಕೆ ಕಾಗದ ಗಾಜಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಹಚ್ಚಿ, ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡಲಿ. ಮಳೆ ಬಡಿಯುವ ಹೊರಗೋಡೆಗೆ ಮಾತ್ರ ನೇತುಹಾಕಬೇಡಿ.

ಉಡುಪಿಯಿಂದ, ಕೇಳಿದವರು: ಥ್ಯಾಂಕ್ಸ್. ಎಷ್ಟು ಎತ್ತರಕ್ಕೆ ಹಾಕಲಿ? ಅಮ್ಮ ಹೆಚ್ಚಾಗಿ ಮಂಚದ ಮೇಲೆ ಕೂತೇ ಇರುತ್ತಾರೆ.

ಮೈಸೂರಿನಿಂದ: ಹಾಗಾದರೆ ಅವರು ಕೂತಾಗಿನ ಕಣ್ಣಿನ ಮಟ್ಟಕ್ಕೆ. ನಿಂತವರ ಲೆಕ್ಕ ಬಿಡಿ. ಚಿತ್ರದಲ್ಲಿರುವ ಕಮೀಲ್ ಕೂಡ, ಮುಂದೆ ಮೋನೆಯ ಹೆಂಡತಿಯಾದವಳು, ಕೂತೇ ನೋಡುತ್ತಿದ್ದಾಳೆ ಅಲ್ವಾ? ಆ ಮಟ್ಟದಿಂದ ನೋಡಿದರೆ ಕಣ್ಣು ಮೊದಲು ನೀರಿಗೇ ಹೋಗುತ್ತದೆ. ಎದುರು ದಂಡೆಯ ಮನೆಯನ್ನು ಎಲೆಗಳು ಮರೆಮಾಡಿವೆ, ಅದು ಹೆಚ್ಚು ಸಿಗುವುದು ನೀರಿನೊಳಗಿನ ನೆರಳಲ್ಲೇ. ಮೌಂಟ್ ತುಸು ಕೆನೆಬಣ್ಣದ್ದು, ಫ್ರೇಮ್ ಸಾದಾ ಮರದ್ದು ಹೇಳಿ. ಚಿನ್ನದ ಬಣ್ಣದ ಕೆತ್ತನೆ ಫ್ರೇಮ್ ತೋರಿಸಿದರೆ ಬೇಡ ಅನ್ನಿ.