ಲೇ ಡೆಲಿಗೇಟನ ಮತಕ್ಕೆ ತೂಕವೆಷ್ಟು?

ಪ್ರಶ್ನೆ (ಮುಂಬೈ): ಮಾನ್ಯರೇ, ನಮ್ಮ ಕನ್ನಡ ಮೆಥಡಿಸ್ಟ್ ಸಭೆಯವರು ಈ ಬಾರಿ ನನ್ನನ್ನು ರೀಜನಲ್ ಕಾನ್ಫರೆನ್ಸಿಗೆ (ಪ್ರಾದೇಶಿಕ ಆಡಳಿತ ಕೂಟಕ್ಕೆ) ಲೇ ಡೆಲಿಗೇಟನಾಗಿ, ಅಂದರೆ ಪಾದ್ರಿಯಲ್ಲದ ಪ್ರತಿನಿಧಿಯಾಗಿ, ಆರಿಸಿದ್ದಾರೆ. ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದ ನನಗೆ ದೇವಶಾಸ್ತ್ರ ತಿಳಿಯದು. ಸಭಾಪಾಲಕರು ಹೇಳಿದ್ದಕ್ಕೆ ಕೈ ಎತ್ತುವುದಷ್ಟೇ ನನ್ನ ಕೆಲಸವೇ, ಅಥವಾ ಸಭೆಯ ಆಡಳಿತದಲ್ಲಿ ನನಗೂ ನಿಜವಾದ ಪಾಲಿದೆಯೇ?

ಉತ್ತರ (ಪುಣೆ): ಪಾಲಿದೆ, ಮತ್ತು ಅದು ಸುಲಭವಾಗಿ ದಕ್ಕಿದ್ದಲ್ಲ. ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಅತ್ಯುನ್ನತ ಆಡಳಿತ ಕೂಟವಾದ ಜನರಲ್ ಕಾನ್ಫರೆನ್ಸಿನಲ್ಲಿ ಪಾದ್ರಿಗಳಲ್ಲದವರಿಗೆ ಸ್ಥಾನ ಸಿಕ್ಕಿದ್ದು 1872ರಲ್ಲಿ; 1888ರಲ್ಲಿ ಆಯ್ಕೆಯಾಗಿ ಬಂದ ಐವರು ಮಹಿಳೆಯರಿಗಂತೂ ಸ್ಥಾನ ನಿರಾಕರಿಸಿ, ಹೆಂಗಸರನ್ನು 1904ರವರೆಗೂ ಕಾಯಿಸಿದರು. ಆ ಪರಂಪರೆಯಿಂದ ಬೆಳೆದು 1981ರಲ್ಲಿ ಸ್ವಾಯತ್ತವಾದ ಭಾರತದ ಮೆಥಡಿಸ್ಟ್ ಸಭೆಯಲ್ಲಿ ನಿಯಮಗ್ರಂಥವನ್ನು ತಿದ್ದುವ ಅಧಿಕಾರ ಜನರಲ್ ಕಾನ್ಫರೆನ್ಸಿಗೆ ಸೇರಿದ್ದು. ನೀವು ಹೋಗುತ್ತಿರುವುದು ಅದರ ಕೆಳಗಿನ ಹಂತಕ್ಕೆ. ದೇವಶಾಸ್ತ್ರದ ಚಿಂತೆ ಬಿಡಿ. ಆಸ್ತಿ, ಬಾಡಿಗೆ, ಆಡಿಟ್ ವರದಿಗಳು ಬಂದಾಗ ನಿಮ್ಮಂಥವರು ಸುಮ್ಮನೆ ಕುಳಿತರೆ ಇನ್ನಾರು ಕೇಳುತ್ತಾರೆ? ಕಾರ್ಯಸೂಚಿಯನ್ನು ಮುಂಚಿತವಾಗಿ ತರಿಸಿಕೊಂಡು, ಸಂದೇಹಗಳನ್ನು ಲಿಖಿತವಾಗಿಯೇ ಕೊಡಿ. ಮಧ್ಯಾಹ್ನದ ಊಟದ ನಂತರ ಆಡಿದ ಮಾತು ನಡಾವಳಿಗೆ ಏರುವುದು ಅಪರೂಪ.

ಉತ್ತರ (ಗೋವಾ): ಕಥೋಲಿಕನಾದ ನನಗೆ ನಿಮ್ಮ ಮೇಲೆ ತುಸು ಅಸೂಯೆಯೇ ಆಗುತ್ತಿದೆ. ನಮ್ಮ ಧರ್ಮಪ್ರಾಂತ್ಯದ ಸಿನೊಡಿಗೆ, ಅಂದರೆ ಬಿಷಪರು ಕರೆಯುವ ಸಮಾಲೋಚನಾ ಕೂಟಕ್ಕೆ, ಶ್ರೀಸಾಮಾನ್ಯರೂ ಸದಸ್ಯರಾಗಬಹುದು, ಮುಕ್ತವಾಗಿ ಚರ್ಚಿಸಬಹುದು. ಆದರೆ ನಮ್ಮ ಸಭೆಯ ನಿಯಮಸಂಹಿತೆಯಾದ ಕ್ಯಾನನ್ ಕಾನೂನಿನ 466ನೆಯ ವಿಧಿಯಂತೆ ಅಲ್ಲಿ ಶಾಸನಕರ್ತರು ಬಿಷಪರೊಬ್ಬರೇ, ಉಳಿದವರದು ಸಲಹೆಯ ಮತ ಮಾತ್ರ. ಸಭೆಯವರು ನಿಮಗೆ ಕೊಟ್ಟಿರುವುದು ಎಣಿಕೆಗೆ ಬರುವ ಮತ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ವಂದನೆಗಳು. ಆಡಿಟ್ ವರದಿಯ ಪ್ರತಿಗಾಗಿ ಇಂದೇ ಪತ್ರ ಬರೆಯುತ್ತೇನೆ.