ಪ್ಯಾಥಾಲಜಿಗೆ ಸೇರಿ ಐದು ತಿಂಗಳು: ದಿನವಿಡೀ ಗ್ರಾಸಿಂಗ್, ಸ್ಲೈಡ್ ಕಲಿಯುವುದು ಯಾವಾಗ?

ನೀಲಿಕಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೋಧನಾ ಆಸ್ಪತ್ರೆಯೊಂದರಲ್ಲಿ ಪ್ಯಾಥಾಲಜಿ ರೆಸಿಡೆಂಟ್ ಆಗಿ ಸೇರಿ ಐದು ತಿಂಗಳಾಯಿತು. ಬೇರೆ ದಾರಿ ಇಲ್ಲದೆ ಬಂದವಳಲ್ಲ, ಇಷ್ಟಪಟ್ಟೇ ಆರಿಸಿಕೊಂಡೆ. ಆದರೆ ದಿನದ ಮುಕ್ಕಾಲು ಪಾಲು ಗ್ರಾಸಿಂಗ್ ಮೇಜಿನಲ್ಲೇ, ಅಂದರೆ ಸರ್ಜರಿಯಲ್ಲಿ ತೆಗೆದ ಅಂಗಗಳನ್ನು ಬರಿಗಣ್ಣಲ್ಲಿ ನೋಡಿ ತುಂಡು ಮಾಡುವುದರಲ್ಲೇ, ಕಳೆಯುತ್ತದೆ. ಅಪೆಂಡಿಕ್ಸ್, ಪಿತ್ತಕೋಶ, ಗರ್ಭಕೋಶ, ಮತ್ತೆ ಪಿತ್ತಕೋಶ. ಅಳತೆ ತೆಗೆಯುವುದು, ಇಂಕ್ ಹಚ್ಚುವುದು, ಕೊಯ್ಯುವುದು, ತುಂಡುಗಳನ್ನು ಕ್ಯಾಸೆಟ್ ಅನ್ನುವ ಪುಟ್ಟ ಜಾಲರಿ ಡಬ್ಬಿಗೆ ಹಾಕುವುದು. ಅದು ಮುಗಿಸಿ ಸೈನ್ ಔಟ್‌ಗೆ (ಒಟ್ಟಿಗೆ ಸ್ಲೈಡ್ ನೋಡಿ ರಿಪೋರ್ಟ್ ಅಂತಿಮ ಮಾಡುವುದು) ಕೂತರೆ ಕನ್ಸಲ್ಟೆಂಟ್ ಮೇಡಂ ಸ್ಲೈಡ್ ಸರಿಸುವ ವೇಗಕ್ಕೆ ನನ್ನ ಕಣ್ಣು ಓಡುವುದಿಲ್ಲ. "ಕಾಣಿಸ್ತಾ?" ಅಂತ ಕೇಳುತ್ತಾರೆ, ನಾನು ಸುಮ್ನೆ ತಲೆಯಾಡಿಸುತ್ತೇನೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ನನಗೆ ಕಂಡಿದ್ದು ಗುಲಾಬಿ ಮತ್ತು ನೀಲಿ ಬಣ್ಣ ಅಷ್ಟೇ.

ಹೋದ ವಾರದ್ದೊಂದು ಮನಸ್ಸಿನಿಂದ ಹೋಗುತ್ತಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಸ್ಪೆಸಿಮೆನ್ ನನ್ನ ಪಾಲಿಗೆ ಬಂದಿತ್ತು. ಕೊಬ್ಬಿನಲ್ಲಿ ಹುಡುಕಿ ಏಳು ಲಿಂಫ್ ನೋಡ್ (ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವ ಪುಟ್ಟ ಗ್ರಂಥಿಗಳು) ತೆಗೆದೆ, ಸಾಕು ಅಂದುಕೊಂಡೆ. ಮೇಡಂ ವಾಪಸ್ ಕಳಿಸಿದರು. ಎರಡು ಗಂಟೆ ಕೂತು ಕೊಬ್ಬನ್ನೆಲ್ಲ ಬೆರಳಲ್ಲಿ ಒತ್ತಿ ಒತ್ತಿ ನೋಡಿದಾಗ ಇನ್ನೂ ಎಂಟು ಸಿಕ್ಕವು. ಅವುಗಳಲ್ಲಿ ಒಂದು ಮೂರು ಮಿಲಿಮೀಟರ್ ಕೂಡ ಇರಲಿಲ್ಲ. ಅದರೊಳಗೇ ಗೆಡ್ಡೆ ಇತ್ತು. ಎರಡನೇ ಸ್ಟೇಜ್ ಅಂತ ಹೋಗಬೇಕಿದ್ದ ರಿಪೋರ್ಟ್ ಮೂರನೇ ಸ್ಟೇಜ್ ಆಯಿತು. ಕೀಮೋ ಕೊಡಬೇಕೋ ಬೇಡವೋ ಅನ್ನುವುದು ಅದರ ಮೇಲೇ ನಿಂತಿರುತ್ತದೆ ಅಲ್ವಾ. ನಾನು ಏಳಕ್ಕೇ ನಿಲ್ಲಿಸಿಬಿಟ್ಟಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸ್ಲೈಡ್ ನೋಡುವುದನ್ನು ನೀವೆಲ್ಲ ಹೇಗೆ ಕಲಿತಿರಿ? ರೂಮಿಗೆ ಹೋಗಿ ಪುಸ್ತಕ ತೆಗೆದರೆ ಎರಡನೇ ಪುಟಕ್ಕೇ ಕಣ್ಣು ಮುಚ್ಚುತ್ತದೆ.

ನಾಲ್ಕುಎಕ್ಸ್ ಬರೆದಿದ್ದು:

ನಾನು ಮೂರನೇ ವರ್ಷದಲ್ಲಿದ್ದೇನೆ. ನನಗೆ ಕೆಲಸಕ್ಕೆ ಬಂದಿದ್ದು ಒಂದೇ ಅಭ್ಯಾಸ: ಸೈನ್ ಔಟ್‌ಗೆ ಮುಂಚೆ ಸ್ಲೈಡನ್ನು ಒಬ್ಬರೇ ನೋಡಿ, ಚೀಟಿಯಲ್ಲಿ ನಿಮ್ಮ ಡಯಾಗ್ನೋಸಿಸ್ ಬರೆದಿಟ್ಟುಕೊಳ್ಳಿ. ಹದಿನೈದೇ ನಿಮಿಷ ಸಿಕ್ಕರೂ ಸರಿ, ಐದೇ ಕೇಸ್ ಆದರೂ ಸರಿ. ಮನಸ್ಸಲ್ಲೇ ಅಂದುಕೊಂಡರೆ ಆಗುವುದಿಲ್ಲ, ಬರೆಯಬೇಕು. ಯಾಕೆಂದರೆ ಕನ್ಸಲ್ಟೆಂಟ್ ಹೇಳಿದ ತಕ್ಷಣ ನಮಗೂ ಹಾಗೇ ಅನ್ನಿಸಿತ್ತು ಅಂತ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಬರೆದಿಟ್ಟಿದ್ದು ತಪ್ಪಾದಾಗ ಮಾತ್ರ ಆ ಸ್ಲೈಡ್ ವರ್ಷಗಟ್ಟಲೆ ನೆನಪಿರುತ್ತದೆ.

ಮತ್ತೆ, ಮೊದಲು ನಾಲ್ಕು ಎಕ್ಸ್‌ನಲ್ಲಿ, ಅಂದರೆ ಕಡಿಮೆ ದೊಡ್ಡದು ಮಾಡಿ ತೋರಿಸುವ ಲೆನ್ಸ್‌ನಲ್ಲಿ, ಇಡೀ ಸ್ಲೈಡ್ ಸುತ್ತಿ ಬನ್ನಿ. ಮೊದಲ ವರ್ಷದಲ್ಲಿ ಒಂದು ಪ್ರಾಸ್ಟೇಟ್ ಬಯಾಪ್ಸಿ ನೋಡುತ್ತಾ ನೇರವಾಗಿ ನಲವತ್ತಕ್ಕೆ ಹೋಗಿ ನ್ಯೂಕ್ಲಿಯೋಲಸ್ (ಜೀವಕೋಶದ ನ್ಯೂಕ್ಲಿಯಸ್ ಒಳಗಿನ ಚುಕ್ಕೆ) ಹುಡುಕುತ್ತಾ ಕೂತಿದ್ದೆ. ಸರ್ ಬಂದು ಲೆನ್ಸ್ ತಿರುಗಿಸಿ ನಾಲ್ಕಕ್ಕೆ ತಂದರು. ದೊಡ್ಡ ದೊಡ್ಡ ಮಾಮೂಲಿ ಗ್ರಂಥಿಗಳ ಸಂದಿಯಲ್ಲಿ ಪುಟ್ಟ ಪುಟ್ಟ ಗ್ರಂಥಿಗಳು ತೂರಿಕೊಂಡು ಹೋಗಿದ್ದವು. ದೂರದಿಂದ ನೋಡಿದರೆ ಕ್ಯಾನ್ಸರ್ ಎದ್ದು ಕಾಣುತ್ತಿತ್ತು, ಹತ್ತಿರ ಹೋದರೆ ಒಂದೊಂದೂ ಸಾಧು ಅನ್ನಿಸುತ್ತಿತ್ತು.

ಪಿತ್ತಕೋಶ ಜಾಸ್ತಿ ಬರುತ್ತದೆ ಅಂತ ಬೇಜಾರಾಗಬೇಡಿ. ಅದರ ಸ್ನಾಯುವಿನ ಪದರದೊಳಗೆ ಲೋಳೆಪೊರೆ ಇಳಿದು ರೋಕಿಟಾನ್ಸ್ಕಿ ಆಶಾಫ್ ಸೈನಸ್ ಆಗಿರುತ್ತದಲ್ಲ, ಹೊಸಬರಿಗೆ ಅದು ಕ್ಯಾನ್ಸರ್ ಒಳಗೆ ನುಗ್ಗಿದ ಹಾಗೇ ಕಾಣುತ್ತದೆ. ನೂರು ಪಿತ್ತಕೋಶ ನೋಡಿದವರು ಅಲ್ಲಿ ಮೋಸ ಹೋಗುವುದು ಕಡಿಮೆ. ನಾರ್ಮಲ್ ಗೊತ್ತಿಲ್ಲದೆ ಅಬ್ನಾರ್ಮಲ್ ಕಾಣುವುದಿಲ್ಲ.

ಮೈಕ್ರೋಟೋಮ್‌ಮೇಜು ಬರೆದಿದ್ದು:

ಡಾಕ್ಟ್ರೇ, ನಾನು ಹಿಸ್ಟೋಪ್ಯಾಥಾಲಜಿ ಲ್ಯಾಬ್ ಟೆಕ್ನಿಷಿಯನ್. ಈ ವಿಷಯದಲ್ಲಿ ನಮ್ಮ ಕಡೆಯದ್ದೂ ಸ್ವಲ್ಪ ಇದೆ.

ಹೊಸ ರೆಸಿಡೆಂಟ್‌ಗಳು ಬಂದ ತಿಂಗಳು ನಮಗೆ ಕ್ಯಾಸೆಟ್ ನೋಡಿದರೇ ಗೊತ್ತಾಗುತ್ತದೆ. ಮುಚ್ಚಳ ಒತ್ತಿ ಒತ್ತಿ ಹಾಕಿರುತ್ತಾರೆ, ಟಿಶ್ಯೂ ಮೇಲೆ ಜಾಲರಿಯ ಅಚ್ಚು ಬಿದ್ದಿರುತ್ತದೆ. ಅಷ್ಟು ದಪ್ಪ ತುಂಡಿನ ನಡುಭಾಗಕ್ಕೆ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ಆಗಲಿ ಪ್ಯಾರಾಫಿನ್ ಆಗಲಿ ಸರಿಯಾಗಿ ಇಳಿಯುವುದಿಲ್ಲ. ನಾನು ಬ್ಲಾಕ್ (ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದ ಟಿಶ್ಯೂ) ಕಟ್ ಮಾಡುವಾಗ ಮಧ್ಯ ಮೆತ್ತಗಾಗಿ ಕಿತ್ತು ಬರುತ್ತದೆ, ನಿಮಗೆ ತೂತು ಬಿದ್ದ ಸ್ಲೈಡ್ ಬರುತ್ತದೆ. ಮೂರು ಮಿಲಿಮೀಟರ್ ದಪ್ಪ ಸಾಕು. ಫಾರ್ಮಲಿನ್ ಒಳಗೆ ಹೋಗುವುದು ಗಂಟೆಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಸಂಜೆ ಬಂದ ಗರ್ಭಕೋಶವನ್ನು ಕೊಯ್ದು ತೆರೆಯದೆ ಹಾಗೇ ಬಕೆಟ್‌ನಲ್ಲಿ ಬಿಟ್ಟರೆ ಬೆಳಿಗ್ಗೆ ಹೊರಗೆ ಗಟ್ಟಿ, ಒಳಗೆ ಎಂಡೊಮೆಟ್ರಿಯಂ (ಗರ್ಭಕೋಶದ ಒಳಪದರ) ಕೊಳೆಯಲು ಶುರುವಾಗಿರುತ್ತದೆ. ಆಮೇಲೆ ನಾವು ಎಷ್ಟು ಚೆನ್ನಾಗಿ ಸ್ಟೇನ್ ಮಾಡಿದರೂ ಕಳೆದದ್ದು ವಾಪಸ್ ಬರುವುದಿಲ್ಲ.

ಒಂದು ಅರ್ಧ ದಿನ ನಿಮ್ಮ ಲ್ಯಾಬಿನವರ ಜೊತೆ ಕೂರಿ. ಮೈಕ್ರೋಟೋಮ್ ಅನ್ನುವ ಕೊಯ್ಯುವ ಯಂತ್ರದಲ್ಲಿ ನಾಲ್ಕು ಮೈಕ್ರಾನ್ ತೆಳುವಿನ ರಿಬ್ಬನ್ ಕೈಯಾರೆ ತೆಗೆದು ಬಿಸಿ ನೀರಿನ ಮೇಲೆ ತೇಲಿಬಿಡಿ. ಸುಕ್ಕು ಹೇಗೆ ಬರುತ್ತದೆ, ಬ್ಲೇಡ್ ಮೊಂಡಾದರೆ ಗೆರೆ ಹೇಗೆ ಬೀಳುತ್ತದೆ, ಎಲ್ಲ ಕಣ್ಣಾರೆ ಕಾಣುತ್ತದೆ. ಇನ್ನೊಂದು ಮಾತು, ಕೇಸ್ ಬದಲಾದಾಗ ಚಿಮುಟ ಮತ್ತು ಬ್ಲೇಡ್ ಒರೆಸಿಕೊಳ್ಳಿ. ಒಬ್ಬರ ಗೆಡ್ಡೆಯ ಚೂರು ಇನ್ನೊಬ್ಬರ ಕ್ಯಾಸೆಟ್‌ಗೆ ಅಂಟಿಕೊಂಡು ಹೋದರೆ ಏನಾಗಬಹುದು ಯೋಚಿಸಿ.

ಹಳೆಬ್ಲಾಕ್ ಬರೆದಿದ್ದು:

ನಾನು ರೆಸಿಡೆಂಟ್‌ಗಳಿಗೆ ಪಾಠ ಹೇಳುವವಳು, ಬಹಳ ವರ್ಷಗಳಿಂದ. ಆ ಕರುಳಿನ ಕೇಸ್ ಬಗ್ಗೆ ಮೊದಲು ಹೇಳುತ್ತೇನೆ. ಕರುಳಿನ ಕ್ಯಾನ್ಸರ್‌ನಲ್ಲಿ ಕನಿಷ್ಠ 12 ನೋಡ್ ನೋಡಬೇಕು ಅನ್ನುವ ನಿಯಮ ಇರುವುದೇ ಈ ಕಾರಣಕ್ಕೆ. ನೀವು ಮತ್ತೆ ಹೋಗಿ ಹುಡುಕಿದಿರಿ, ಸಿಕ್ಕಿತು, ರೋಗಿಗೆ ಸರಿಯಾದ ರಿಪೋರ್ಟ್ ಹೋಯಿತು. ಇನ್ನು ಅದನ್ನು ನೆನೆದು ಕೊರಗಬೇಡಿ. ಚಿಕ್ಕ ನೋಡ್‌ಗಳು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ ಅಂತ ಈಗ ನಿಮ್ಮ ಕೈಗೇ ಗೊತ್ತಾಗಿದೆ.

ಸೈನ್ ಔಟ್‌ನಲ್ಲಿ ತಲೆಯಾಡಿಸುವುದನ್ನು ಮಾತ್ರ ಇವತ್ತೇ ಬಿಟ್ಟುಬಿಡಿ. ಕಾಣಲಿಲ್ಲ ಅಂದರೆ "ಕಾಣಲಿಲ್ಲ ಮೇಡಂ, ಇನ್ನೊಂದು ಸಲ ತೋರಿಸಿ" ಅನ್ನಿ. ನಮಗೆ ನಿಮ್ಮಿಂದ ಬೇಕಾಗಿರುವುದು ಯೋಚನೆ. ಇದು ಯಾವ ಅಂಗ, ಇಲ್ಲಿ ಇರಬಾರದ್ದು ಏನಿದೆ, ಏನೇನು ಆಗಿರಬಹುದು, ಇದನ್ನು ಬಾಯಿ ಬಿಟ್ಟು ಹೇಳಿ. ತಪ್ಪು ಹೇಳಿದರೆ ಎಲ್ಲಿ ದಾರಿ ತಪ್ಪಿತು ಅಂತ ನನಗೆ ಗೊತ್ತಾಗುತ್ತದೆ. ಸುಮ್ಮನಿದ್ದರೆ ನಾನು ಏನನ್ನು ತಿದ್ದಲಿ?

ರೋಗಿಯ ವಿವರ ಬರೆದು ಕಳಿಸುವ ರಿಕ್ವಿಸಿಷನ್ ಫಾರಂ ಓದದೆ ಸ್ಲೈಡ್ ಮುಟ್ಟಬೇಡಿ. ಮುರಿದು ಕೂಡಿಕೊಳ್ಳುತ್ತಿರುವ ಮೂಳೆಯ ಹೊಸ ಕ್ಯಾಲಸ್ ಮೈಕ್ರೋಸ್ಕೋಪಿನಲ್ಲಿ ಆಸ್ಟಿಯೋಸಾರ್ಕೋಮಾ ಅನ್ನುವ ಮೂಳೆ ಕ್ಯಾನ್ಸರ್ ಥರ ಹೆದರಿಸಬಲ್ಲದು. ಎಕ್ಸ್‌ರೇ ನೋಡದೆ ಮೂಳೆಯ ಗೆಡ್ಡೆಗೆ ನಾನು ಇವತ್ತಿಗೂ ಹೆಸರು ಕೊಡುವುದಿಲ್ಲ. ಮಾಹಿತಿ ಇಲ್ಲದಿದ್ದರೆ ಸರ್ಜನ್‌ಗೆ ಫೋನ್ ಮಾಡಿ ಕೇಳಿ, ಅದರಲ್ಲಿ ಸಂಕೋಚ ಬೇಡ. ಇಮ್ಯುನೊ, ಅಂದರೆ ಜೀವಕೋಶದ ಪ್ರೋಟೀನ್ ಗುರುತಿಸುವ ಸ್ಟೇನ್, ಕೇಳುವಾಗಲೂ ಹಾಗೆ. ಎಲ್ಲಿಂದ ಬಂತೆಂದೇ ಗೊತ್ತಾಗದ ಗೆಡ್ಡೆಗೆ ಕೆರಾಟಿನ್, ಸಿಡಿ45, ಎಸ್100 ಹಾಕಿಸುತ್ತೀರಿ. ಪಾಸಿಟಿವ್ ಬಂದರೆ ಮುಂದೇನು, ನೆಗೆಟಿವ್ ಬಂದರೆ ಮುಂದೇನು ಅಂತ ಮೊದಲೇ ಬರೆದಿಟ್ಟುಕೊಂಡು ಆಮೇಲೆ ಕೇಳಿ.

ಗ್ರಾಸ್ ವಿವರಣೆಯನ್ನು ಶ್ರದ್ಧೆಯಿಂದ ಬರೆಯಿರಿ. ಸ್ಪೆಸಿಮೆನ್ ಕೆಲವು ವಾರಗಳಲ್ಲಿ ವಿಲೇವಾರಿ ಆಗುತ್ತದೆ. ಹತ್ತು ವರ್ಷದ ಮೇಲೆ ಯಾರಾದರೂ ಆ ಕೇಸ್ ತೆಗೆದರೆ ಉಳಿದಿರುವುದು ಬ್ಲಾಕ್, ಸ್ಲೈಡ್ ಮತ್ತು ನೀವು ಬರೆದ ಆ ನಾಲ್ಕು ಸಾಲು.

ಎರಡನೇವರ್ಷ ಬರೆದಿದ್ದು:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಒಂದು ಬಿಟ್ಟುಹೋಯಿತು. ಗ್ರಾಸಿಂಗ್ ಇಷ್ಟು ಜಾಸ್ತಿ ಇದ್ದು ಸ್ಲೈಡ್ ಮೊದಲೇ ನೋಡಲು ಹದಿನೈದು ನಿಮಿಷವೂ ಸಿಗದಿದ್ದರೆ ಅದು ವೇಳಾಪಟ್ಟಿಯ ತಪ್ಪು. ಅದನ್ನು ನಿದ್ದೆ ಕಡಿಮೆ ಮಾಡಿ ಸರಿದೂಗಿಸಲು ಹೋಗಬೇಡಿ. ಎರಡು ವಾರ ಎಷ್ಟು ಸ್ಪೆಸಿಮೆನ್, ಎಷ್ಟು ಗಂಟೆ ಅಂತ ಬರೆದಿಟ್ಟು, ಜೊತೆಯವರನ್ನೂ ಕರೆದುಕೊಂಡು ಹೋಗಿ ವಿಭಾಗದ ಮುಖ್ಯಸ್ಥರ ಹತ್ತಿರ ಮಾತಾಡಿ. ಸುಸ್ತಾದ ಕೈಗೆ ಏಳನೇ ನೋಡ್ ಆದಮೇಲೆ ಸಾಕು ಅನ್ನಿಸುವುದು ಸಹಜ. ಮತ್ತೆ ಮೇಜಿನ ಹತ್ತಿರ ಕಣ್ಣು ಉರಿಯುತ್ತಿದ್ದರೆ ಗಾಳಿ ಎಳೆಯುವ ವ್ಯವಸ್ಥೆ ಸರಿಯಿಲ್ಲ ಅಂತ ಅರ್ಥ, ಅದನ್ನೂ ಬರವಣಿಗೆಯಲ್ಲೇ ತಿಳಿಸಿ. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ.

ನೀಲಿಕಣ ಬರೆದಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಹತ್ತು ಕೇಸ್‌ಗೆ ಚೀಟಿ ಬರೆದೆ, ನಾಲ್ಕು ತಪ್ಪಾದವು. ಒಂದರಲ್ಲಿ "ಕಾಣಲಿಲ್ಲ ಮೇಡಂ" ಅಂದೆ. ಅವರು ನಿಲ್ಲಿಸಿ, ಬಾಣದ ಗುರುತು ಆ ಜೀವಕೋಶದ ಪಕ್ಕಕ್ಕೇ ತಂದಿಟ್ಟು, ನನಗೆ ಕಾಣುವವರೆಗೂ ಕಾದರು. ಗುರುವಾರ ಮಧ್ಯಾಹ್ನ ಮೈಕ್ರೋಟೋಮ್ ಹತ್ತಿರ ಕೂರಲು ಲ್ಯಾಬಿನವರು ಒಪ್ಪಿದ್ದಾರೆ. ಗಂಟೆಗಳ ಲೆಕ್ಕವನ್ನೂ ಇವತ್ತಿನಿಂದ ಬರೆಯುತ್ತಿದ್ದೇನೆ.

ಸಂಜೆ ಇನ್ನೊಂದು ಕರುಳು ಬಂತು. ಉದ್ದಕ್ಕೆ ತೆರೆದು, ತೊಳೆದು, ಪಿನ್ ಹೊಡೆದು ಫಾರ್ಮಲಿನ್‌ನಲ್ಲಿ ಇಟ್ಟು ಬಂದಿದ್ದೇನೆ. ನಾಳೆ ಬೆಳಿಗ್ಗೆ ಮೊದಲು ಅದೇ.