ಆಟೋ ಇನ್‌ಕ್ರಿಮೆಂಟ್ ಅಂದರೆ ‘ಕ್ರಮಸಂಖ್ಯೆ’ಯೇ?

ಚಿತ್ರದುರ್ಗದಿಂದ ಪ್ರಶ್ನೆ: ಪಿಯು ಮಕ್ಕಳ ಡೇಟಾಬೇಸ್ ಟಿಪ್ಪಣಿಯಲ್ಲಿ ಪ್ರೈಮರಿ ಕೀಗೆ ‘ಪ್ರಾಥಮಿಕ ಕೀಲಿ’, ಹೊಸ ಸಾಲಿಗೆ ಮುಂದಿನ ನಂಬರನ್ನು ತಾನೇ ಹಾಕುವ ಆಟೋ ಇನ್‌ಕ್ರಿಮೆಂಟ್ ಕಾಲಂಗೆ ‘ಕ್ರಮಸಂಖ್ಯೆ’ ಎಂದು ಹಾಕಿದೆ. ಸಲ್ಲುತ್ತದೆಯೇ? ಎರಡೂ ಒಂದೇ ಎನ್ನಬಹುದೇ?

ದಾವಣಗೆರೆಯಿಂದ ಉತ್ತರ: ಮೇಷ್ಟ್ರೇ, ಎರಡೂ ಪದ ತೊಡಕಿನವೇ. ನಮ್ಮ ಕಡೆ ‘ಬಾಗಿಲಿಗೆ ಕೀಲಿ ಹಾಕು’ ಅಂದರೆ ಬೀಗ ಹಾಕು ಎಂದೇ ಅರ್ಥ, ತೆಗೆಯುವುದು ಕೀಲಿಕೈ. ಡೇಟಾಬೇಸಿನಲ್ಲಿ ‘ಲಾಕ್’ (ಒಬ್ಬರು ಬದಲಿಸುವಾಗ ಉಳಿದವರನ್ನು ತಡೆಯುವುದು) ಬೇರೆಯೇ ಇದೆ, ಮಕ್ಕಳು ಅಲ್ಲಿ ಎಡವುತ್ತಾರೆ. ‘ಪ್ರಾಥಮಿಕ’ ಅಂದೊಡನೆ ಶಾಲೆ ನೆನಪಾಗುತ್ತದೆ. 1970ರಲ್ಲಿ ರಿಲೇಷನಲ್ ಡೇಟಾಬೇಸಿನ ಮಾದರಿ ಕೊಟ್ಟ ಕಾಡ್ ಬಳಸಿದ ಅರ್ಥ ಅದಲ್ಲ: ಸಾಲನ್ನು ಗುರುತಿಸಬಲ್ಲ ಕೀಗಳು ಹಲವಿದ್ದಾಗ ನಾವು ಆರಿಸಿಕೊಂಡದ್ದು. ಪ್ರೈಮರಿ ಕೀ ಎಂದೇ ಬಿಟ್ಟು, ಪಕ್ಕದಲ್ಲಿ ‘ಮುಖ್ಯ ಗುರುತು’ ಎಂದರೆ ಸಾಕು.

ಎರಡೂ ಒಂದೇ ಅಲ್ಲ. ಪ್ರೈಮರಿ ಕೀ ಅಂಕಿಯೇ ಆಗಬೇಕಿಲ್ಲ, ಒಂದೇ ಕಾಲಂ ಆಗಬೇಕಿಲ್ಲ. ಪಹಣಿ ನೋಡಿ. ಸರ್ವೆ ನಂಬರ್ ಪ್ರತಿ ಊರಿಗೂ 1ರಿಂದಲೇ ಶುರು. ಊರು, ಸರ್ವೆ ನಂಬರ್, ಹಿಸ್ಸಾ ಕೂಡಿದರೆ ತಾನೇ ಜಮೀನು ಗೊತ್ತಾಗುವುದು?

ಇನ್ನು ‘ಕ್ರಮಸಂಖ್ಯೆ’. ಈ ಪದ ನಡುವೆ ಬಿಟ್ಟುಹೋಗಿಲ್ಲ ಎಂಬ ಭರವಸೆ ಕೊಡುತ್ತದೆ; ಆಟೋ ಇನ್‌ಕ್ರಿಮೆಂಟ್ ಕೊಡುವುದಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಟೇಬಲ್‌ಗಳನ್ನು ಉಳಿಸುವ ಇನ್ನೋಡಿಬಿ ಎಂಜಿನ್‌ನಲ್ಲಿ 102ರ ನಂತರ ಸೇರಿಸುವ ಗಿರಾಕಿಯ ಫೋನ್ ನಂಬರ್ ಆಗಲೇ ಟೇಬಲ್‌ನಲ್ಲಿದ್ದು, ಆ ಕಾಲಂಗೆ ಯುನೀಕ್ (ಒಂದೇ ನಮೂದು ಎರಡು ಸಲ ಬರಬಾರದು) ನಿರ್ಬಂಧವಿದ್ದರೆ ಎರರ್ ಬರುತ್ತದೆ. ಮುಂದಿನವನಿಗೆ ಸಿಗುವುದು 104. ರೋಲ್‌ಬ್ಯಾಕ್ ಆದರೂ, ಅಂದರೆ ಮಾಡಿದ ಬದಲಾವಣೆ ರದ್ದಾದರೂ, 103 ವಾಪಸ್ ಬರುವುದಿಲ್ಲ. ಹಲವರು ಒಟ್ಟಿಗೆ ನಮೂದಿಸುವಾಗ ಒಬ್ಬರಿಗಾಗಿ ಉಳಿದವರು ಕಾಯಬಾರದಲ್ಲ, ಅದಕ್ಕೆ. ಆಸ್ಪತ್ರೆಯ ಟೋಕನ್ ಹೀಗೇ: ಚೀಟಿ ಪಡೆದವರು ಎದ್ದು ಹೋದರೂ ಆ ನಂಬರ್ ಮತ್ತೊಬ್ಬರಿಗಿಲ್ಲ. ಆದ್ದರಿಂದ ‘ಟೋಕನ್ ಸಂಖ್ಯೆ’ ನನಗೆ ಒಪ್ಪುತ್ತದೆ; ‘ತಾನೇರುವ ಸಂಖ್ಯೆ’ಯೂ ಆದೀತು.

ಟೋಕನ್ ಹೋಲಿಕೆಯೂ ಒಂದು ಕಡೆ ಕೈಕೊಡುತ್ತದೆ. ಮೈಎಸ್‌ಕ್ಯೂಎಲ್ 5.7ರ ತನಕ ಕೊನೆಯ ಸಾಲು ಅಳಿಸಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಅದೇ ನಂಬರ್ ಮತ್ತೆ ಸಿಗುತ್ತಿತ್ತು. ಬಾಕಿಯ ಸಾಲನ್ನು ಗಿರಾಕಿಯ ಸಾಲಿಗೆ ಕಟ್ಟಿಡುವ ಫಾರಿನ್ ಕೀ ಹಾಕದಿದ್ದರೆ ಹಳಬನ ಬಾಕಿ ಹೊಸಬನ ಲೆಕ್ಕಕ್ಕೆ! 8.0ರಿಂದ ಎಣಿಕೆ ಡಿಸ್ಕಿನಲ್ಲೇ ಉಳಿಯುತ್ತದೆ.

ಪದದ ಗೊಂದಲಕ್ಕೆ ನಿಜವಾದ ಬೆಲೆ ತೆರುವುದು ಬಿಲ್ಲಿನಲ್ಲಿ. ಜಿಎಸ್‌ಟಿಯ 46ನೇ ನಿಯಮದಂತೆ ಇನ್‌ವಾಯ್ಸ್ ನಂಬರ್ ಒಂದರ ಹಿಂದೊಂದು ಬರಬೇಕು, 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ಆಟೋ ಇನ್‌ಕ್ರಿಮೆಂಟ್ ಕೊಟ್ಟ ಐಡಿಯನ್ನೇ ಬಿಲ್ ನಂಬರ್ ಎಂದು ಛಾಪಿಸುವ ಮಂಡಿಪೇಟೆಯ ಅಂಗಡಿಗೆ ಆಡಿಟರ್ ‘103 ಎಲ್ಲಿ?’ ಎಂದು ಕೇಳಿದರೆ ತೋರಿಸಲು ರದ್ದಾದ ಬಿಲ್ಲೂ ಇರುವುದಿಲ್ಲ. ಬಿಲ್ ನಂಬರಿಗೆ ಬೇರೆ ಕಾಲಂ ಇಡಿ. ಕೊನೆಯ ನಂಬರನ್ನು ಒಂದೇ ಸಾಲಿನ ಪುಟ್ಟ ಟೇಬಲ್‌ನಲ್ಲಿಟ್ಟು, ಆ ಸಾಲನ್ನು ಲಾಕ್ ಮಾಡಿ, ಒಂದು ಕೂಡಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಕೆಲಸಗಳ ಕಟ್ಟು) ಬಿಲ್ ಸೇರಿಸಿ. ಬಿಲ್ ಕೆಟ್ಟರೆ ನಂಬರೂ ಹಿಂದಕ್ಕೆ ಬರುತ್ತದೆ. ತುಸು ನಿಧಾನ, ಆದರೆ ನಿಮ್ಮ ‘ಕ್ರಮಸಂಖ್ಯೆ’ ಒಪ್ಪುವುದು ಈ ಕಾಲಂಗೆ.